ಗೃಹಕೃತ್ಯವೂ ಅಧಿಕಕಾಲದ ದುಡಿಮೆಯೂ: ಸಮವಿಧಿಯ ವಿಷಮಫಲವಿಚಾರ

ಕೂಲಿಗೆ ನಿಂತವನ ಕಾಲದಲ್ಲಿ ಒಡೆಯನಿಗೆ ಸಲ್ಲತಕ್ಕ ಭಾಗವೆಷ್ಟು, ಅವನ ಮನೆಗೆ ಉಳಿಯತಕ್ಕ ಭಾಗವೆಷ್ಟು ಎಂಬ ಪ್ರಶ್ನೆಯು ವ್ಯವಹಾರಶಾಸ್ತ್ರದಲ್ಲಿ ಹೊಸದಲ್ಲ. ಆದರೆ ಈ ಪ್ರಶ್ನೆಯು ಸಮತ್ವವಿಚಾರದೊಡನೆ ಕೂಡಿಕೊಂಡುದು ಮಾತ್ರ ಈಚಿನ ಸಂಗತಿ. ಒಂದು ಕಾರ್ಖಾನೆಯಲ್ಲಿ, ಈ ತಿಂಗಳು ಪ್ರತಿಯೊಬ್ಬರೂ ಸಂಜೆ ಎರಡು ಗಂಟೆ ಹೆಚ್ಚಾಗಿ ದುಡಿಯತಕ್ಕದ್ದು, ಒಪ್ಪದವರು ಕೆಲಸ ಬಿಡಬಹುದು ಎಂದು ಆಜ್ಞೆಯಾಯಿತೆಂದು ಭಾವಿಸಬಹುದು. ಈ ಆಜ್ಞೆಯಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಮಕ್ಕಳುಳ್ಳವರು ಇಲ್ಲದವರು ಎಂಬ ಭೇದವೂ ಇಲ್ಲ. ಹೆಚ್ಚಿನ ಹೊತ್ತಿಗೆ ಹೆಚ್ಚಿನ ಕೂಲಿಯೂ ಉಂಟು. ಹೀಗಿದ್ದರೂ, ಸಂಜೆ ಆರಕ್ಕೆ ಶಿಶುವಿಹಾರದ ಬಾಗಿಲು ಮುಚ್ಚುವ ಊರಿನಲ್ಲಿ ಮೂರು ವರ್ಷದ ಮಗುವನ್ನು ಒಬ್ಬಳೇ ಸಾಕುತ್ತಿರುವ ತಾಯಿಗೆ ಇದು ಕೆಲಸದಿಂದ ತೆಗೆದುಹಾಕುವ ಆಜ್ಞೆಯೇ ಆಗಿ ಪರಿಣಮಿಸುತ್ತದೆ. ಶಬ್ದದಲ್ಲಿ ಸಮವಾಗಿಯೂ ಫಲದಲ್ಲಿ ವಿಷಮವಾಗಿಯೂ ಇರುವ ಇಂಥ ವಿಧಿಯನ್ನು ನ್ಯಾಯಶಾಸ್ತ್ರವು ಹೇಗೆ ಎಣಿಸತಕ್ಕದ್ದೆಂಬುದೇ ಪ್ರಕೃತ ವಿಚಾರ್ಯವಾದ ವಿಷಯ.

ನಮ್ಮ ಪ್ರಾಚೀನ ಗ್ರಂಥಗಳಲ್ಲಿ ಈ ವಿಷಯಕ್ಕೆ ಹೊಂದುವ ಸಾಮಗ್ರಿಯು ಸ್ವಲ್ಪಮಟ್ಟಿಗೆ ಉಂಟು. ಅದನ್ನು ಮೊದಲು ನೋಡುವುದು ಯುಕ್ತವಾದೀತು. ಏಕೆಂದರೆ ಹೊಸ ಶಾಸನಗಳಲ್ಲಿ ಎಲ್ಲಿ ಕೊರತೆಯಿದೆಯೆಂಬುದು ಇದರಿಂದ ಚೆನ್ನಾಗಿ ತಿಳಿಯುತ್ತದೆ. ಹಳೆಯದೆಲ್ಲವೂ ಸಾಧುವೆಂದು ಸಾಧಿಸುವ ಉದ್ದೇಶವು ಇಲ್ಲಿಲ್ಲ.

ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ದೊರೆತು, ಆರ್. ಶಾಮಶಾಸ್ತ್ರಿಗಳ ಪರಿಶ್ರಮದಿಂದ 1909ರಲ್ಲಿ ಅಚ್ಚಾದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ಸೂತ್ರಾಧ್ಯಕ್ಷನ ಪ್ರಕರಣವೆಂಬುದೊಂದಿದೆ. ನೂಲುವ ಹೆಂಗಸರಿಂದ ಅರಸನ ನೂಲಿನ ಶಾಲೆಯವರು ಕೆಲಸ ಮಾಡಿಸಿಕೊಳ್ಳಬೇಕಾದ ಬಗೆಯನ್ನು ಅಲ್ಲಿ ಹೇಳಿದೆ. ಮನೆಯಿಂದ ಹೊರಗೆ ಬಾರದವರು, ಗಂಡಂದಿರು ದೇಶಾಂತರಕ್ಕೆ ಹೋಗಿರತಕ್ಕವರು, ಅಂಗವಿಕಲರು, ತಮ್ಮ ಹೊಟ್ಟೆಯನ್ನು ತಾವೇ ಹೊರೆದುಕೊಳ್ಳಬೇಕಾದ ಕನ್ಯೆಯರು, ಇವರಿಗೆ ಅಧ್ಯಕ್ಷನು ತನ್ನ ದಾಸಿಯರ ಮೂಲಕ ಮನೆಗೇ ಕೆಲಸವನ್ನು ಕಳುಹಿಸಿ, ಮರ್ಯಾದೆಯಿಂದ ಮಾಡಿಸಿಕೊಳ್ಳಬೇಕು. ಬೆಳಗಿನ ಜಾವದಲ್ಲಿ ತಾವೇ ಶಾಲೆಗೆ ಬರುವವರ ನೂಲನ್ನು ಪರೀಕ್ಷಿಸುವುದಕ್ಕೆ ಬೇಕಾದಷ್ಟು ಮಾತ್ರ ದೀಪವಿರಬೇಕು. ಹೆಂಗಸಿನ ಮುಖವನ್ನು ನೋಡಿದರೂ ಬೇರೆ ಮಾತನ್ನಾಡಿದರೂ ಅಧಿಕಾರಿಗೆ ದಂಡ. ಕೂಲಿಯನ್ನು ಕೊಡುವ ಹೊತ್ತನ್ನು ಮೀರಿಸಿದರೆ ಅದಕ್ಕಿಂತ ಹೆಚ್ಚಿನ ದಂಡ. ಹಬ್ಬದ ದಿನಗಳಲ್ಲಿ ಕೆಲಸ ಮಾಡಿಸಬೇಕಾದರೆ ವಿಶೇಷವಾದ ಕೊಡುಗೆ ಮನ್ನಣೆಗಳಿಂದ ಮಾಡಿಸಬೇಕೆಂಬ ಮಾತೂ ಅಲ್ಲಿಯೇ ಇದೆ. ಇಂದು ಕಾರ್ಖಾನೆಗಳ ಕನ್ನಡದಲ್ಲಿ 'ಓಟಿ' ಎಂದು ನೆಲೆಗೊಂಡಿರುವ ಮಾತಿನ ಅರ್ಥಕ್ಕೆ ಇದು ಹತ್ತಿರವಾದುದು. ಇಷ್ಟನ್ನು ಹೇಳಿ ಬಿಟ್ಟರೆ ಗ್ರಂಥಕ್ಕೆ ಅನ್ಯಾಯವಾದೀತು. ಕೂಲಿಯನ್ನು ತೆಗೆದುಕೊಂಡು ಕೆಲಸ ಮಾಡದವಳಿಗೆ ಬೆರಳನ್ನು ಕತ್ತರಿಸುವ ಶಿಕ್ಷೆಯನ್ನೂ ಅದೇ ಪ್ರಕರಣವು ವಿಧಿಸುತ್ತದೆ. ಇನ್ನೂ ಒಂದು ಅಂಶವು ಗಮನಿಸತಕ್ಕದ್ದು. ಮನೆಬಿಟ್ಟು ಬಾರಲಾರದ ಹೆಂಗಸಿನ ಅನುಕೂಲಕ್ಕಾಗಿ ಮನೆಮನೆಗೆ ತಿರುಗಬೇಕಾದವಳು ಮತ್ತೊಬ್ಬ ಹೆಂಗಸೇ. ಆ ದಾಸಿಯ ಮಕ್ಕಳನ್ನು ಆ ಹೊತ್ತಿನಲ್ಲಿ ಯಾರು ನೋಡಿಕೊಳ್ಳುತ್ತಿದ್ದರೆಂಬ ಚಿಂತೆಯು ಗ್ರಂಥಕಾರನಿಗೆ ಬಂದಂತೆ ಕಾಣುವುದಿಲ್ಲ.

ಅದೇ ಗ್ರಂಥದ ಧರ್ಮಸ್ಥೀಯವೆಂಬ ಮೂರನೆಯ ಅಧಿಕರಣದಲ್ಲಿ ಕೂಲಿಯವನ ಒಪ್ಪಂದದ ವಿಚಾರವು ಬರುತ್ತದೆ. ಕೂಲಿಯನ್ನು ಹಿಡಿದು ಕೆಲಸ ಮಾಡದವನಿಗೆ ದಂಡವೆಂಬುದು ಉತ್ಸರ್ಗ. ಅದಕ್ಕೆ ಅಪವಾದವಾಗಿ ನಾಲ್ಕು ನಿಮಿತ್ತಗಳನ್ನು ಹೇಳಿದೆ: ಶಕ್ತಿಯಿಲ್ಲದಿರುವುದು, ಕೆಲಸವು ನಿಂದ್ಯವಾಗಿರುವುದು, ವ್ಯಾಧಿ, ವ್ಯಸನ. ಈ ನಿಮಿತ್ತಗಳಿದ್ದಾಗ ಕೂಲಿಯವನು ಅನುಶಯವನ್ನು ಪಡೆಯಬಹುದು, ಎಂದರೆ ಒಪ್ಪಂದದಿಂದ ಹಿಂದೆಗೆಯಬಹುದು. ಇಲ್ಲವೆ ಆ ಕೆಲಸವನ್ನು ಇನ್ನೊಬ್ಬನಿಂದ ಮಾಡಿಸಬಹುದು. 'ವ್ಯಸನ'ವೆಂಬ ಶಬ್ದಕ್ಕೆ ಇಂದಿನ ಕನ್ನಡದಲ್ಲಿ ದುಶ್ಚಟವೆಂದೋ ಮನಸ್ಸಿನ ದುಃಖವೆಂದೋ ಅರ್ಥವಾಗುತ್ತದೆ. ಈ ಸ್ಥಳದಲ್ಲಿಯಾದರೋ ಮೇಲೆ ಬಂದೆರಗಿದ ಆಪತ್ತು ಎಂಬುದೇ ಅರ್ಥ. ಮನೆಯಲ್ಲಿ ಮಗುವು ಜ್ವರದಿಂದ ಮಲಗಿರುವುದು ವ್ಯಸನವೇ ಅಲ್ಲವೇ ಎಂಬುದನ್ನು ಸೂತ್ರವು ಬಿಡಿಸಿ ಹೇಳಿಲ್ಲ. ವ್ಯಾಧಿಯನ್ನು ಬೇರೆಯಾಗಿ ಹೇಳಿ ಅನಂತರ ವ್ಯಸನವನ್ನು ಹೇಳಿರುವುದರಿಂದ, ಕೂಲಿಯವನ ಮೈಗೆ ಸಂಬಂಧಪಡದ ಆಪತ್ತೂ ಇದರಲ್ಲಿ ಸೇರಬಹುದೆಂದು ಊಹಿಸಲು ಅವಕಾಶವಿದೆ. ಇದಕ್ಕಿಂತ ಮುಖ್ಯವಾದುದು ಎರಡನೆಯ ಪಕ್ಷ. ಇನ್ನೊಬ್ಬನಿಂದ ಮಾಡಿಸುವ ಸ್ವಾತಂತ್ರ್ಯವೆಂದರೆ, ಇಂದಿನ ಪಾಳಿಗಳಲ್ಲಿ ಕೆಲಸಗಾರರು ತಮ್ಮತಮ್ಮೊಳಗೆ ಪಾಳಿಯನ್ನು ಅದಲುಬದಲು ಮಾಡಿಕೊಳ್ಳುವ ಪದ್ಧತಿಯೇ. ಒಡೆಯನಿಗೆ ಬೇಕಾದುದು ಕೆಲಸವೇ ಹೊರತು ಇಂಥವನ ಇಂಥ ಗಂಟೆಯಲ್ಲವೆಂಬ ವಿವೇಕವು ಈ ವಿಧಿಯಲ್ಲಿ ಅಡಗಿದೆ.

ಶುಕ್ರನೀತಿಯು ಇನ್ನೂ ಸ್ಪಷ್ಟವಾಗಿ ಮಾತನಾಡುತ್ತದೆ. ಭೃತ್ಯರಿಗೆ ಗೃಹಕೃತ್ಯದ ನಿಮಿತ್ತವಾಗಿ ಹಗಲಿನಲ್ಲಿ ಒಂದು ಯಾಮವನ್ನೂ ರಾತ್ರಿಯಲ್ಲಿ ಮೂರು ಯಾಮಗಳನ್ನೂ ನಿತ್ಯವೂ ಬಿಟ್ಟುಕೊಡಬೇಕೆಂದೂ, ದಿನಗೂಲಿಯವನಿಗೆ ಅರ್ಧ ಯಾಮವನ್ನು ಬಿಡಬೇಕೆಂದೂ ಅದರಲ್ಲಿ ವಿಧಿಯಿದೆ. ಯಾಮವೆಂದರೆ ಮೂರು ಗಂಟೆ. ಅಹೋರಾತ್ರದ ಎಂಟು ಯಾಮಗಳಲ್ಲಿ ನಾಲ್ಕು ಮನೆಗೆ, ನಾಲ್ಕು ಒಡೆಯನಿಗೆ. ಅಂತೂ 12 ಗಂಟೆಗಳ ಸೇವೆಯಾಯಿತು. ಇದೇನೂ ಉದಾರವಾದ ಲೆಕ್ಕವಲ್ಲ. ಆದರೆ ಬಿಡುವಿಗೆ ಕೊಟ್ಟಿರುವ ಕಾರಣವು ವಿಶ್ರಾಂತಿಯಲ್ಲ, ಆರೋಗ್ಯವಲ್ಲ, ಗೃಹಕೃತ್ಯವೆಂಬುದು ವಿಶೇಷ. ಮನೆಯ ಕೆಲಸವೂ ಒಂದು ಕರ್ತವ್ಯವೆಂದೂ, ಅದು ಒಡೆಯನ ಕೃಪೆಯಿಂದಲ್ಲದೆ ವಿಧಿಯಿಂದಲೇ ಕಾಲವನ್ನು ಕೇಳುತ್ತದೆಯೆಂದೂ ಇಲ್ಲಿ ಸಿದ್ಧವಾಗುತ್ತದೆ. ಈ ಗ್ರಂಥದ ಕಾಲದ ವಿಷಯದಲ್ಲಿ ವಿವಾದವಿದೆ. ಇದು ಪ್ರಾಚೀನವಲ್ಲ, ಹತ್ತೊಂಬತ್ತನೆಯ ಶತಮಾನದ ರಚನೆಯೆಂದು ಲಲ್ಲನ್‌ಜೀ ಗೋಪಾಲರು ವಾದಿಸಿದ್ದಾರೆ. ಗುಸ್ತಾವ್ ಆಪರ್ಟರು ಇದನ್ನು ಮದರಾಸಿನಲ್ಲಿ ಅಚ್ಚುಹಾಕಿಸಿದುದು 1882ರಲ್ಲಿ. ಹಿಂದೂದೇಶದ ಮೊದಲನೆಯ ಕಾರ್ಖಾನೆಗಳ ಕಾಯಿದೆಯು ಹುಟ್ಟಿದುದು 1881ರಲ್ಲಿ. ಈ ಸಾಮೀಪ್ಯವು ಕಾಕತಾಳೀಯವಾಗಿರಬಹುದು. ಗ್ರಂಥವು ಈಚಿನದೇ ಆಗಿದ್ದರೂ, ಆ ಕಾಲದ ಕಾಯಿದೆಯಲ್ಲಿಲ್ಲದ ಗೃಹಕೃತ್ಯವೆಂಬ ಶಬ್ದವು ಇದರಲ್ಲಿದೆಯೆಂಬುದಕ್ಕೆ ಬಾಧಕವಿಲ್ಲ.

ಇನ್ನು ಆಧುನಿಕ ಶಾಸನಗಳ ಕಡೆಗೆ ಬರುವುದಾದರೆ, ಅವು ಕಾಲದ ಪ್ರಶ್ನೆಯನ್ನು ಬೇರೊಂದು ದಾರಿಯಿಂದ ಹಿಡಿದುವು. 1881ರ ಕಾಯಿದೆಯು ಮಕ್ಕಳ ದುಡಿಮೆಗೆ ದಿನಕ್ಕೆ 9 ಗಂಟೆಗಳ ಮಿತಿಯನ್ನೂ 1891ರದು ಹೆಂಗಸರಿಗೆ 11 ಗಂಟೆಗಳ ಮಿತಿಯನ್ನೂ ಇಟ್ಟುವು. ಮಿತಿಯ ಜೊತೆಗೆ ಬೆಲೆಯೆಂಬ ಎರಡನೆಯ ಉಪಾಯವೂ ಬಂದಿತು. ಅಮೆರಿಕದ ಸಂಯುಕ್ತ ಸಂಸ್ಥಾನಗಳ 1938ರ ಕಾಯಿದೆಯು ವಾರಕ್ಕೆ 40 ಗಂಟೆಗಳನ್ನು ಮೀರಿದ ದುಡಿಮೆಗೆ ಒಂದೂವರೆಪಟ್ಟು ಕೂಲಿಯನ್ನು ವಿಧಿಸಿತು. ಭಾರತದ 1948ರ ಕಾರ್ಖಾನೆಗಳ ಕಾಯಿದೆಯು ದಿನಕ್ಕೆ 9, ವಾರಕ್ಕೆ 48 ಗಂಟೆಗಳನ್ನು ಮೀರಿದರೆ ಇಮ್ಮಡಿ ಕೂಲಿಯೆಂದಿತು. ಅಮೆರಿಕದ ಕಾಯಿದೆಯಲ್ಲಿ ವಯಸ್ಕರ ದುಡಿಮೆಗೆ ಗಂಟೆಗಳ ಮೇಲೆರೆಯೇ ಇಲ್ಲ. ಬೆಲೆಯೇ ಅಲ್ಲಿ ಕಟ್ಟೆ. ಒಡೆಯನಿಗೆ ಹೆಚ್ಚಿನ ಗಂಟೆಯು ದುಬಾರಿಯಾದರೆ ಅವನು ತಾನಾಗಿಯೇ ಹೆಚ್ಚು ಜನರನ್ನು ನೇಮಿಸಿಕೊಳ್ಳುವನೆಂಬುದು ಇದರ ಹಿಂದಿನ ತರ್ಕ.

ಈ ತರ್ಕದಲ್ಲಿ ಗಂಟೆಗಳೆಲ್ಲವೂ ಒಂದೇ ಜಾತಿಯವು. ಆದರೆ ತಾಯಿತಂದೆಗಳಿಗೆ ಗಂಟೆಗಳು ಒಂದೇ ಜಾತಿಯವಲ್ಲ. ಮಗುವನ್ನು ಶಾಲೆಯಿಂದ ಕರೆತರುವ ಗಂಟೆಯನ್ನು ಮಾರಿ ಬಂದ ಇಮ್ಮಡಿ ಕೂಲಿಯಿಂದ ಆ ಗಂಟೆಯನ್ನು ಮರಳಿ ಕೊಳ್ಳಲಾಗುವುದಿಲ್ಲ. ಬದಲಿಗೆ ನಿಲ್ಲುವವರು ದೊರೆತರೆ ಸರಿ, ದೊರೆಯದಿದ್ದರೆ ಕೂಲಿಯ ಮೊತ್ತವು ಎಷ್ಟಾದರೇನು? ಮಸಾಚುಸೆಟ್ಸ್ ಸಂಸ್ಥಾನದ ಉಚ್ಚತಮ ನ್ಯಾಯಸ್ಥಾನವು 1997ರಲ್ಲಿ ತೀರ್ಮಾನಿಸಿದ ಒಂದು ವ್ಯವಹಾರವು ಇದಕ್ಕೆ ನಿದರ್ಶನ. ಗಂಡನಿಂದ ಬೇರೆಯಾಗಿ ಎಳೆಯ ಮಗನನ್ನು ಸಾಕುತ್ತಿದ್ದ ಹೆಂಗಸೊಬ್ಬಳು ಸಂಜೆ ಐದೂವರೆಗೆ ಮುಗಿಯುವ ಕೆಲಸವೆಂದು ಸೇರಿದ್ದಳು. ಅನಂತರ, ಕೆಲವು ತಿಂಗಳುಗಳ ಕಾಲ ರಾತ್ರಿ ಒಂಬತ್ತು ಹತ್ತರವರೆಗೂ ಶನಿವಾರವಿಡೀ ದುಡಿಯಬೇಕೆಂದು ಅಪ್ಪಣೆಯಾಯಿತು. ಆಗದೆಂದಳು, ಕೆಲಸ ಹೋಯಿತು. ಮಗುವಿನ ಪಾಲನೆಯು ಲೋಕಹಿತವೆಂದೂ ಅದಕ್ಕೆ ವಿರುದ್ಧವಾಗಿ ಕೆಲಸದಿಂದ ತೆಗೆಯುವುದು ಸಲ್ಲದೆಂದೂ ಅವಳು ವಾದಿಸಿದಳು. ನ್ಯಾಯಸ್ಥಾನವು ಆಕೆಯ ಕಷ್ಟಕ್ಕೆ ಮರುಗಿತಾದರೂ, ವಯಸ್ಕರಿಂದ ದೀರ್ಘಕಾಲದ ದುಡಿಮೆಯನ್ನು ಕೇಳಬಾರದೆಂಬ ಸ್ಥಾಪಿತ ರಾಜನೀತಿಯಾವುದೂ ಇಲ್ಲವೆಂದು ಅವಳ ವ್ಯಾಜ್ಯವನ್ನು ತಳ್ಳಿಹಾಕಿತು. ಗೃಹಕೃತ್ಯವೆಂಬುದು ತಾನಾಗಿಯೇ ಹಕ್ಕಿಗೆ ಬೀಜವಾಗದು ಎಂಬುದು ಇದರ ನಿಷ್ಕರ್ಷೆ.

ಹಾಗಾದರೆ ಸಮತ್ವದ ಶಾಸನವು ನೆರವಿಗೆ ಬರುವುದೋ ಎಂದರೆ, ಮೊದಲು ಶಬ್ದವಿಚಾರವು ಸ್ವಲ್ಪ ಅವಶ್ಯಕ. ಇಂದಿನ ಕನ್ನಡದ ಪತ್ರವ್ಯವಹಾರಗಳಲ್ಲಿ ಈ ಅರ್ಥಕ್ಕೆ 'ತಾರತಮ್ಯ'ವೆಂಬ ಶಬ್ದವು ರೂಢವಾಗಿದೆ. ತರ ತಮ ಎಂಬ ಪ್ರತ್ಯಯಗಳಿಂದ ಹುಟ್ಟಿದ ಈ ಶಬ್ದಕ್ಕೆ ಹೆಚ್ಚುಕಡಿಮೆಯ ಕ್ರಮವೆಂದಷ್ಟೆ ಮೂಲಾರ್ಥ; ಮಾಧ್ವಸಿದ್ಧಾಂತದಲ್ಲಿ ಇದು ದೇವತೆಗಳ ಯೋಗ್ಯತೆಯ ಕ್ರಮವನ್ನು ಹೇಳುವ ಪೂಜ್ಯವಾದ ಪಾರಿಭಾಷಿಕ ಪದ. ಅನ್ಯಾಯವೆಂಬ ಅರ್ಥವು ಇದಕ್ಕೆ ಈಚೆಗೆ ಅಂಟಿಕೊಂಡುದು. ಜನರ ಬಾಯಲ್ಲಿ ಇದಕ್ಕಿಂತ ಮೊನಚಾದ ಮಾತು 'ಪಂಕ್ತಿಭೇದ'. ಒಂದೇ ಸಾಲಿನಲ್ಲಿ ಕುಳಿತವರಿಗೆ ಬೇರೆಬೇರೆಯಾಗಿ ಬಡಿಸುವುದು ಪಂಕ್ತಿಭೇದ. ಪ್ರಕೃತ ಪ್ರಶ್ನೆಯ ಸೂಕ್ಷ್ಮವೆಲ್ಲವೂ ಈ ದೃಷ್ಟಾಂತದಿಂದ ವಿಶದವಾಗುತ್ತದೆ. ಸಾಲಿನಲ್ಲಿ ಕುಳಿತ ಹಲ್ಲಿಲ್ಲದ ಮುದುಕನಿಗೂ ಹದಿನೆಂಟರ ಹುಡುಗನಿಗೂ ಒಂದೇ ಬಗೆಯ ಗಟ್ಟಿ ಚಕ್ಕುಲಿಯನ್ನು ಬಡಿಸಿದರೆ ಪಂಕ್ತಿಭೇದವಾಯಿತೆಂದು ಯಾರೂ ಹೇಳರು. ಆದರೆ ಮುದುಕನು ಉಪವಾಸವೇ ಏಳುತ್ತಾನೆ. ಬಡಿಸುವ ಕೈಯನ್ನು ಮಾತ್ರ ನೋಡತಕ್ಕದ್ದೋ, ಎಲೆಯಲ್ಲಿ ಉಳಿದುದನ್ನೂ ನೋಡತಕ್ಕದ್ದೋ?

ಕೈಯನ್ನು ನೋಡುವ ನ್ಯಾಯವು ಮೊದಲು ಬೆಳೆಯಿತು. ಅಮೆರಿಕದ ಉಚ್ಚತಮ ನ್ಯಾಯಾಲಯವು 1971ರ ಜನವರಿಯಲ್ಲಿ, ಶಾಲೆಗೆ ಸೇರುವ ವಯಸ್ಸಾಗದ ಮಕ್ಕಳುಳ್ಳ ತಾಯಂದಿರನ್ನು ಕೆಲಸಕ್ಕೆ ತೆಗೆದುಕೊಳ್ಳದೆ ಅಂಥ ಮಕ್ಕಳುಳ್ಳ ತಂದೆಯರನ್ನು ತೆಗೆದುಕೊಳ್ಳುತ್ತಿದ್ದ ಒಂದು ಕಂಪನಿಯ ನಿಯಮವು 1964ರ ಪೌರಹಕ್ಕುಗಳ ಕಾಯಿದೆಗೆ ಒಪ್ಪದೆಂದಿತು. ಆದರೂ, ಮನೆಯ ಹೊಣೆಯು ಗಂಡಸಿನ ಕೆಲಸಕ್ಕಿಂತ ಹೆಂಗಸಿನ ಕೆಲಸಕ್ಕೆ ಹೆಚ್ಚು ತೊಡಕೆಂದು ಸಾಕ್ಷ್ಯದಿಂದ ತೋರಿಸಿದರೆ ನಿಯಮವು ನಿಲ್ಲಲೂಬಹುದೆಂಬ ಒಂದು ಕಿಂಡಿಯನ್ನು ಬಿಟ್ಟಿತು. ನ್ಯಾಯಮೂರ್ತಿ ಮಾರ್ಷಲ್ಲರು ಆ ಕಿಂಡಿಯನ್ನು ಬಿಡಬಾರದಿತ್ತೆಂದು ಪ್ರತ್ಯೇಕವಾಗಿ ಬರೆದರು. ನಮ್ಮ ದೇಶದಲ್ಲಿ ಇದಕ್ಕೆ ಸರಿದೊರೆಯಾದುದು ಕೊಡಗಿನ ವಿರಾಜಪೇಟೆಯವರಾದ ಸಿ.ಬಿ. ಮುತ್ತಮ್ಮನವರ ವ್ಯವಹಾರ. ಭಾರತೀಯ ವಿದೇಶಾಂಗ ಸೇವೆಯನ್ನು ಸೇರಿದ ಮೊದಲ ಮಹಿಳೆ ಇವರು. ಆ ಸೇವೆಯ 1961ರ ನಿಯಮಗಳ ಪ್ರಕಾರ ಹೆಂಗಸು ಮದುವೆಯಾಗಬೇಕಾದರೆ ಸರ್ಕಾರದ ಲಿಖಿತ ಅಪ್ಪಣೆಯನ್ನು ಪಡೆಯಬೇಕಾಗಿದ್ದುದಲ್ಲದೆ, ಸಂಸಾರದ ಹೊಣೆಗಳು ಕೆಲಸಕ್ಕೆ ಅಡ್ಡಿಯಾಗುವುವೆಂದು ಸರ್ಕಾರಕ್ಕೆ ತೋರಿದರೆ ಮದುವೆಯ ಅನಂತರ ರಾಜೀನಾಮೆಯನ್ನು ಕೇಳಬಹುದಾಗಿತ್ತು. ಶುಕ್ರನೀತಿಯು ಬಿಡುವಿಗೆ ಕಾರಣವೆಂದು ಹೇಳಿದ ಗೃಹಕೃತ್ಯವೇ ಇಲ್ಲಿ ಬಿಡುಗಡೆಗೆ ಕಾರಣವಾಗಿ ಕುಳಿತಿತು! 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರರು ಈ ನಿಯಮವನ್ನು ಕಟುವಾಗಿ ಖಂಡಿಸಿದರು. ಸಂಸಾರದ ಹೊಣೆಯು ಹೆಂಗಸಿನ ಕೆಲಸಕ್ಕೆ ಅಡ್ಡಿಯಾಗುವುದಾದರೆ ಗಂಡಸಿನ ಕೆಲಸಕ್ಕೂ ಹಾಗೆಯೇ ಆಗಬಹುದಲ್ಲವೆ ಎಂಬುದು ಅವರ ಆಕ್ಷೇಪದ ಸಾರ. ಅಷ್ಟರಲ್ಲಿ ಸರ್ಕಾರವು ಮುತ್ತಮ್ಮನವರಿಗೆ ಬಡ್ತಿಯನ್ನು ಕೊಟ್ಟು ನಿಯಮವನ್ನು ಬಿಡಲು ಒಪ್ಪಿತ್ತಾದುದರಿಂದ ಅರ್ಜಿಯು ಮುಂದುವರಿಯಲಿಲ್ಲ. 1981ರಲ್ಲಿ ಏರ್ ಇಂಡಿಯಾದ ವ್ಯವಹಾರದಲ್ಲಿ, ಮೊದಲನೆಯ ಗರ್ಭಕ್ಕೇ ಗಗನಸಖಿಯ ಉದ್ಯೋಗವು ಮುಗಿಯುವುದೆಂಬ ನಿಯಮವನ್ನು ಭಾರತದ ಉಚ್ಚತಮ ನ್ಯಾಯಾಲಯವು ತೆಗೆದುಹಾಕಿತು.

ಇವೆಲ್ಲವೂ ಶಬ್ದದಲ್ಲಿಯೇ ಭೇದವುಳ್ಳ ನಿಯಮಗಳು. ಮೊದಲು ಹೇಳಿದ ಎರಡು ಗಂಟೆಗಳ ಆಜ್ಞೆಯಲ್ಲಿ ಶಬ್ದಭೇದವಿಲ್ಲ. ಎಲೆಯನ್ನು ನೋಡುವ ನ್ಯಾಯವು ಅದಕ್ಕೆ ಬೇಕಾಗುತ್ತದೆ. ಈ ನ್ಯಾಯದ ಬೀಜವು ಅದೇ 1971ರ ಮಾರ್ಚಿಯಲ್ಲಿ ಅಮೆರಿಕದ ಇನ್ನೊಂದು ತೀರ್ಪಿನಲ್ಲಿ ದೊರೆಯಿತು. ವಿದ್ಯುಚ್ಛಕ್ತಿಯ ಕಂಪನಿಯೊಂದು ಒಳ್ಳೆಯ ಕೆಲಸಗಳಿಗೆ ಪ್ರೌಢಶಾಲೆಯ ಪ್ರಮಾಣಪತ್ರವನ್ನೂ ಕೆಲವು ಪರೀಕ್ಷೆಗಳನ್ನೂ ಎಲ್ಲರಿಗೂ ಒಂದೇ ಸಮನಾಗಿ ವಿಧಿಸಿತ್ತು. ಒಳ್ಳೆಯ ಶಾಲೆಗಳಿಂದ ದೂರವಿಡಲ್ಪಟ್ಟ ಕಪ್ಪು ಜನರೇ ಅದರಿಂದ ಹೊರಗುಳಿಯುತ್ತಿದ್ದರು. ಕೆಲಸಕ್ಕೆ ಅವಶ್ಯಕವೆಂದು ತೋರಿಸಲಾಗದ ಇಂಥ ನಿಯಮವು ಉದ್ದೇಶವು ಶುದ್ಧವಾಗಿದ್ದರೂ ಸಲ್ಲದೆಂದು ತೀರ್ಮಾನವಾಯಿತು. ಇದಕ್ಕೆ ಇಂಗ್ಲೆಂಡಿನಲ್ಲಿ ಇಟ್ಟ ಹೆಸರನ್ನು ಕನ್ನಡದಲ್ಲಿ 'ಪರೋಕ್ಷ ಭೇದ'ವೆನ್ನಬಹುದು. ಪರೋಕ್ಷವೆಂದರೆ ಮರೆಮಾಚಿದ್ದೆಂದಲ್ಲ, ಕಣ್ಣಿಗೆ ನೇರವಾಗಿ ಕಾಣದ್ದೆಂದಷ್ಟೆ.

ಪರೋಕ್ಷಭೇದದ ನ್ಯಾಯವು ಮಕ್ಕಳ ಪಾಲನೆಗೂ ಪಾಳಿಯ ಕಾಲಕ್ಕೂ ಹೇಗೆ ಹೊಂದುವುದೆಂಬುದನ್ನು ಲಂಡನ್ನಿನ ಸುರಂಗ ರೈಲಿನ ವ್ಯವಹಾರವು ತೋರಿಸಿತು. ಈ ತೀರ್ಪು ವಿಸ್ತಾರವಾಗಿ ನೋಡತಕ್ಕದ್ದು. ಒಬ್ಬಳೇ ಮಗುವನ್ನು ಸಾಕುತ್ತಿದ್ದ ರೈಲುಚಾಲಕಿಯೊಬ್ಬಳು ಹಳೆಯ ಪಾಳಿಗಳಲ್ಲಿ ಹೊಂದಿಸಿಕೊಂಡು, ಬೆಳಗ್ಗೆಯೂ ಸಂಜೆಯೂ ಮನೆಯಲ್ಲಿರುತ್ತಿದ್ದಳು. 1991ರಲ್ಲಿ ರೈಲಿನ ಆಡಳಿತದವರು ಹೊಸ ಪಾಳಿಗಳ ಯೋಜನೆಯನ್ನು ತಂದರು. ಅದರಂತೆ ಕೆಲವು ದಿನ ಬೆಳಗಿನ ಜಾವ ನಾಲ್ಕೂಮುಕ್ಕಾಲಕ್ಕೇ ಕೆಲಸಕ್ಕೆ ನಿಲ್ಲಬೇಕಾಯಿತು. ಅವಳು ಕೆಲಸವನ್ನು ಬಿಟ್ಟು ನ್ಯಾಯಕ್ಕೆ ಹೋದಳು. ಆಗ ಅಲ್ಲಿದ್ದ ಚಾಲಕರು ಗಂಡಸರು 2,023, ಹೆಂಗಸರು 21. ಗಂಡಸರೆಲ್ಲರೂ ಹೊಸ ಪಾಳಿಗೆ ಒಗ್ಗಿದರು. ಹೆಂಗಸರಲ್ಲಿ ಆಗದೆಂದವಳು ಇವಳೊಬ್ಬಳೇ. ಲೆಕ್ಕದಲ್ಲಿ ಹೇಳುವುದಾದರೆ ಗಂಡಸರಲ್ಲಿ ನೂರಕ್ಕೆ ನೂರು, ಹೆಂಗಸರಲ್ಲಿ ನೂರಕ್ಕೆ 95.2. ಇಷ್ಟು ಕಿರಿಯ ಅಂತರದಿಂದ ಭೇದವು ಸಿದ್ಧವಾಗುವುದೇ ಎಂಬುದು ಪ್ರತಿವಾದಿಗಳ ಪೂರ್ವಪಕ್ಷ. ಲೆಕ್ಕಿಗರ ದೃಷ್ಟಿಯಿಂದ ಈ ಪೂರ್ವಪಕ್ಷವು ದುರ್ಬಲವಾದುದಲ್ಲ.

ಅಪೀಲು ನ್ಯಾಯಾಲಯವು 1998ರಲ್ಲಿ ಕೊಟ್ಟ ಸಮಾಧಾನವೇನೆಂದರೆ: ಎಣಿಕೆಯನ್ನು ಮಾಡುವಾಗ ಎಣಿಕೆಗೆ ಸಿಕ್ಕವರನ್ನು ಮಾತ್ರ ನೋಡಿದರೆ ಸಾಲದು. ಎರಡು ಸಾವಿರಕ್ಕೆ ಮೇಲ್ಪಟ್ಟ ಗಂಡಸರ ಜೊತೆಗೆ ಇಪ್ಪತ್ತೊಂದೇ ಹೆಂಗಸರಿರುವುದು ಏನನ್ನು ಹೇಳುತ್ತದೆ? ಆ ಕೆಲಸವು ಮೊದಲೇ ಹೆಂಗಸರಿಗೆ ಒಗ್ಗದಂತೆ ಕಟ್ಟಲ್ಪಟ್ಟಿರಬಹುದು; ಒಗ್ಗದವರು ಬಾಗಿಲಿಗೇ ಬಂದಿರಲಾರರು. ಒಂಟಿಯಾಗಿ ಮಕ್ಕಳನ್ನು ಸಾಕುವವರಲ್ಲಿ ಹೆಂಗಸರೇ ಹೆಚ್ಚೆಂಬುದು ಲೋಕಸಿದ್ಧ. ಎರಡು ಸಾವಿರ ಗಂಡಸರಲ್ಲಿ ಒಬ್ಬನಿಗೂ ತೊಡಕಾಗದ ನಿಯಮವು ಇಪ್ಪತ್ತೊಂದು ಹೆಂಗಸರಲ್ಲಿ ಒಬ್ಬಳಿಗೆ ತೊಡಕಾಯಿತೆಂಬುದು ಸಣ್ಣ ಸಂಗತಿಯಲ್ಲ. ಹೀಗೆ ವಾದಿನಿಗೆ ಜಯವಾಯಿತು. ತರ್ಕಪರಿಭಾಷೆಯಲ್ಲಿ ಹೇಳುವುದಾದರೆ, ಪ್ರತ್ಯಕ್ಷವಾದ ಸಂಖ್ಯೆಯು ಅಲ್ಪವಾಗಿದ್ದಾಗ ಅನುಪಲಬ್ಧಿಯೂ ಪ್ರಮಾಣವಾಗಿ ಬಂದಿತು. ಇಲ್ಲದವರ ಇಲ್ಲದಿರುವಿಕೆಯು ಇಲ್ಲಿ ಸಾಕ್ಷಿ ಹೇಳಿತು.

ಲೋಕಪ್ರಸಿದ್ಧಿಯ ಈ ಬಳಕೆಯು 2021ರಲ್ಲಿ ಇನ್ನಷ್ಟು ದೃಢವಾಯಿತು. ಉತ್ತರ ಇಂಗ್ಲೆಂಡಿನಲ್ಲಿ ಮನೆಮನೆಗೆ ಹೋಗಿ ಶುಶ್ರೂಷೆ ಮಾಡುವ ದಾದಿಯೊಬ್ಬಳು, ಮೂವರು ಮಕ್ಕಳ ತಾಯಿ, ಗೊತ್ತಾದ ಎರಡು ದಿನಗಳಲ್ಲಿ ಮಾತ್ರ ಕೆಲಸ ಮಾಡುತ್ತಿದ್ದಳು. ವಾರದ ಕೊನೆಯ ದಿನಗಳಲ್ಲಿಯೂ ಆಗಾಗ ಬರಬೇಕೆಂಬ ನಿಯಮಕ್ಕೆ ಒಪ್ಪಲಾರದೆ ಕೆಲಸವನ್ನು ಕಳೆದುಕೊಂಡಳು. ಅವಳ ಗುಂಪಿನ ಉಳಿದ ದಾದಿಯರೆಲ್ಲರೂ ಒಪ್ಪಿದ್ದರೆಂಬ ಕಾರಣದಿಂದ ಕೆಳಗಿನ ನ್ಯಾಯಮಂಡಲಿಯು ಭೇದವಿಲ್ಲವೆಂದಿತ್ತು. ಮೇಲಿನ ಮಂಡಲಿಯು, ಹೋಲಿಕೆಗೆ ಒಂದು ಗುಂಪನ್ನಲ್ಲ, ಅದೇ ನಿಯಮಕ್ಕೆ ಒಳಪಟ್ಟ ಎಲ್ಲ ದಾದಿಯರನ್ನೂ ತೆಗೆದುಕೊಳ್ಳಬೇಕೆಂದೂ, ಮಕ್ಕಳ ಪಾಲನೆಯ ಭಾರವು ಹೆಂಗಸರ ಮೇಲೆಯೇ ಹೆಚ್ಚಾಗಿ ಬೀಳುವುದೆಂಬುದನ್ನು ಸಾಕ್ಷ್ಯವಿಲ್ಲದೆಯೇ ನ್ಯಾಯಾಲಯವು ಗ್ರಹಿಸತಕ್ಕದ್ದೆಂದೂ ಹೇಳಿ ಮರುವಿಚಾರಣೆಗೆ ಕಳುಹಿಸಿತು. ಆದರೆ ಪ್ರತಿಯೊಂದು ನಿಯಮವೂ ಈ ಕಾರಣದಿಂದಲೇ ಹೆಂಗಸರಿಗೆ ಹಾನಿಯೆಂದು ತೀರ್ಮಾನಿಸಕೂಡದು, ನಿಯಮದ ಸ್ವರೂಪವನ್ನು ನೋಡಬೇಕು ಎಂಬ ಎಚ್ಚರವನ್ನೂ ಸೇರಿಸಿತು. ಈ ಎಚ್ಚರವು ಅವಶ್ಯಕವಾದುದೇ. ಲೋಕಪ್ರಸಿದ್ಧಿಯೆಂಬುದು ಕಾಲಕಾಲಕ್ಕೆ ಮಾರ್ಪಡತಕ್ಕದ್ದು.

ಭೇದವು ಸಿದ್ಧವಾದಮಾತ್ರಕ್ಕೆ ವ್ಯವಹಾರವು ಮುಗಿಯಲಿಲ್ಲ. ನಿಯಮವು ಕೆಲಸಕ್ಕೆ ಅನಿವಾರ್ಯವೆಂದು ಒಡೆಯನು ತೋರಿಸಿದರೆ ಅದು ನಿಲ್ಲುತ್ತದೆ. ಈ ಭಾಗವನ್ನು ಮೀಮಾಂಸಕರ ಅಂಗಪ್ರಧಾನವಿಚಾರದಿಂದ ಸುಲಭವಾಗಿ ತಿಳಿಯಬಹುದು. ಜೈಮಿನಿಸೂತ್ರದ ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ, ಎಲ್ಲ ಅಂಗಗಳನ್ನೂ ನಡೆಸಲಾರದವನು ಕರ್ಮವನ್ನು ಮಾಡಬಹುದೇ ಎಂಬ ಪ್ರಶ್ನೆಯು ಬರುತ್ತದೆ. ಅಗ್ನಿಹೋತ್ರಾದಿ ನಿತ್ಯಕರ್ಮಗಳನ್ನು ಯಥಾಶಕ್ತಿಯಾಗಿ, ಕೆಲವು ಅಂಗಗಳು ಲೋಪವಾದರೂ ಮಾಡಬಹುದು. ಕಾಮ್ಯಕರ್ಮಕ್ಕಾದರೋ ಅಂಗಗಳೆಲ್ಲವೂ ಪೂರ್ಣವಾಗಿರಬೇಕು ಎಂಬುದು ಅಲ್ಲಿಯ ನಿರ್ಣಯ. ಮನುಷ್ಯನಿಗೆ ಜೀವನೋಪಾಯವು ನಿತ್ಯಕರ್ಮಕ್ಕೆ ಸಮಾನವಾದುದು, ಬಿಡಲಾಗದ್ದು. ಹೀಗಿರುವಲ್ಲಿ ಅಧಿಕಕಾಲದ ದುಡಿಮೆಯು ಆ ಕೆಲಸದ ಪ್ರಧಾನಕ್ಕೆ ಸೇರಿದ್ದೇ, ಲೋಪವಾದರೂ ನಡೆಯುವ ಅಂಗವೇ ಎಂದು ಪರೀಕ್ಷಿಸುವುದೇ ನ್ಯಾಯಾಲಯದ ಕಾರ್ಯ. ಹೆರಿಗೆಯ ಮನೆಯಲ್ಲಿ ರಾತ್ರಿ ದಾದಿಯಿಲ್ಲದಿದ್ದರೆ ಪ್ರಧಾನವೇ ಕೆಡುತ್ತದೆ. ಲಂಡನ್ನಿನ ಚಾಲಕಿಯ ವಿಷಯದಲ್ಲಿಯಾದರೋ, ಆಡಳಿತದ ಉದ್ದೇಶಕ್ಕೆ ಹಾನಿಯಿಲ್ಲದೆ ಅವಳಿಗೆ ಅನುಕೂಲಮಾಡಿಕೊಡಬಹುದಾಗಿತ್ತೆಂದು ನ್ಯಾಯಮಂಡಲಿಯು ಕಂಡುಕೊಂಡಿತು. ಒಂಟಿ ಪೋಷಕರಿಗೆ ಬೇರೆಯ ಪಾಳಿಯೊಂದನ್ನು ಆಡಳಿತದವರೇ ಯೋಚಿಸಿ, ಅನಂತರ ಕೈಬಿಟ್ಟಿದ್ದರು. ಹಾಗೆ ಕೈಬಿಟ್ಟುದಕ್ಕೆ ಕಾರಣವು ಸಹೋದ್ಯೋಗಿಗಳ ವಿರೋಧ.

ಆ ವಿರೋಧವನ್ನು ಹಗುರವಾಗಿ ಕಾಣುವಂತಿಲ್ಲ. ಒಬ್ಬಳು ಬಿಟ್ಟ ಗಂಟೆಯನ್ನು ಮತ್ತೊಬ್ಬನು ಹೊರಬೇಕಾಗುತ್ತದೆ. ಮಕ್ಕಳಿಲ್ಲದವನಿಗೂ ಮನೆಯುಂಟು, ವೃದ್ಧರಾದ ತಾಯಿತಂದೆಗಳುಂಟು. ದಾಸಿಯ ಉದಾಹರಣೆಯಲ್ಲಿ ಕಂಡ ದೋಷವೇ ಇಲ್ಲಿ ಮತ್ತೆ ತಲೆದೋರುತ್ತದೆ. 1981ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಕುಟುಂಬದ ಹೊಣೆಯುಳ್ಳ ಕೆಲಸಗಾರರ ವಿಷಯದಲ್ಲಿ ಮಾಡಿದ 156ನೆಯ ಒಡಂಬಡಿಕೆಯು ಈ ತೊಡಕನ್ನು ಸ್ವಲ್ಪ ಬಿಡಿಸುತ್ತದೆ. ಅದು ಗಂಡಸರಿಗೂ ಹೆಂಗಸರಿಗೂ ಸಮವಾಗಿ ಅನ್ವಯಿಸುತ್ತದೆ. ಮಕ್ಕಳಲ್ಲದೆ ಆಶ್ರಯವನ್ನು ಬೇಡುವ ಇತರ ಬಂಧುಗಳನ್ನೂ ಗಣಿಸುತ್ತದೆ. ಅದರೊಡನೆ ಹೊರಟ ಶಿಫಾರಸು ದಿನದ ದುಡಿಮೆಯನ್ನೂ ಅಧಿಕಕಾಲವನ್ನೂ ಎಲ್ಲರಿಗೂ ಕ್ರಮವಾಗಿ ಕಡಮೆಮಾಡಬೇಕೆಂದೂ ಪಾಳಿಯನ್ನು ಗೊತ್ತುಪಡಿಸುವಾಗ ಮನೆಯ ಹೊಣೆಯನ್ನು ನೋಡಬೇಕೆಂದೂ ಹೇಳುತ್ತದೆ. ಒಬ್ಬರಿಗೆ ಕೊಟ್ಟ ವಿನಾಯಿತಿಯು ಇನ್ನೊಬ್ಬರ ಮೇಲಿನ ಹೊರೆಯಾಗದಿರಬೇಕಾದರೆ ಒಟ್ಟು ಹೊರೆಯೇ ಇಳಿಯಬೇಕೆಂಬ ಈ ಕ್ರಮವು ಯುಕ್ತವಾಗಿ ಕಾಣುತ್ತದೆ.

ಭಾರತದಲ್ಲಿ ಪರೋಕ್ಷಭೇದದ ನ್ಯಾಯವು ವ್ಯಕ್ತವಾಗಿ ಅಂಗೀಕೃತವಾದುದು 2021ರ ಮಾರ್ಚಿಯಲ್ಲಿ. ಸೇನೆಯ ಮಹಿಳಾ ಅಧಿಕಾರಿಗಳ ಶಾಶ್ವತ ನಿಯುಕ್ತಿಯ ವ್ಯವಹಾರದಲ್ಲಿ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡರು, ಮೇಲುನೋಟಕ್ಕೆ ಸಮವಾದ ಅಳತೆಗೋಲು ಗಂಡಸರ ಜೀವನಕ್ರಮಕ್ಕೆ ತಕ್ಕಂತೆ ಕಡೆದುದಾದರೆ ಸಂವಿಧಾನದ ಸಮತ್ವಕ್ಕೆ ಅದು ಒಪ್ಪದೆಂದು ನಿರ್ಣಯಿಸಿದರು. ಆದರೆ ಸಂವಿಧಾನದ ಈ ಅನುಚ್ಛೇದಗಳು ಕಟ್ಟುವುದು ಮುಖ್ಯವಾಗಿ ಸರ್ಕಾರವನ್ನು. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೊಲಿಗೆಯ ಯಂತ್ರದ ಮುಂದೆ ಕುಳಿತಿರುವವರಲ್ಲಿ ಹೆಚ್ಚಿನವರು ಹೆಂಗಸರು. ಹಡಗಿಗೆ ಸಾಮಾನು ಹೊರಡುವ ದಿನವು ಹತ್ತಿರವಾದಂತೆ ಗಂಟೆಗಳು ಬೆಳೆಯುವುದು ಇಂಥ ಕೆಲಸದ ಸ್ವಭಾವ. ಅವರಿಗೆ ದಿಕ್ಕಾಗಬೇಕಾದುದು ಕಾರ್ಮಿಕಶಾಸನವೇ.

2025ರ ನವೆಂಬರ್ 21ರಿಂದ ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಕೆಲವು ವಿಧಿಗಳಿವೆ. 2019ರ ವೇತನಸಂಹಿತೆಯು ಕೆಲಸಕ್ಕೆ ತೆಗೆದುಕೊಳ್ಳುವಾಗ ಲಿಂಗಭೇದವನ್ನು ನಿಷೇಧಿಸುತ್ತದೆ; ಅದರಲ್ಲಿ ಪರೋಕ್ಷಭೇದದ ಹೆಸರಿಲ್ಲ. 1948ರ ಕಾಯಿದೆಗೆ ಬದಲಾಗಿ ಬಂದ 2020ರ ವೃತ್ತಿಸುರಕ್ಷತಾ ಸಂಹಿತೆಯ 27ನೆಯ ಪ್ರಕರಣವು ಇಮ್ಮಡಿ ಕೂಲಿಯನ್ನು ಉಳಿಸಿಕೊಂಡು, ಕೆಲಸಗಾರನ ಸಮ್ಮತಿಯಿದ್ದರೆ ಮಾತ್ರ ಅಧಿಕಕಾಲವೆಂಬ ಮಾತನ್ನು ಸೇರಿಸಿದೆ. ಬೆಲೆಯ ಜಾಗದಲ್ಲಿ ಸಮ್ಮತಿಯು ಬಂದು ಕುಳಿತುದು ದೊಡ್ಡ ಮಾರ್ಪಾಟು. ಗೃಹಕೃತ್ಯವೆಂಬ ಕಾರಣವನ್ನು ಹೇಳಿಕೊಳ್ಳುವ ಅವಶ್ಯಕತೆಯೂ ಇದರಿಂದ ತಪ್ಪುತ್ತದೆ. ಆದರೆ ಸಮ್ಮತಿಯ ಸ್ವರೂಪವೇನು? ಕೆಲಸಕ್ಕೆ ಸೇರುವ ದಿನ ಹಾಕಿದ ಒಂದು ರುಜುವು ಮುಂದಿನ ಎಲ್ಲ ಸಂಜೆಗಳಿಗೂ ಸಮ್ಮತಿಯಾಗುವುದೇ? ಮೇಲ್ವಿಚಾರಕನು ಹೆಸರುಗಳನ್ನು ಓದುವಾಗ ಸುಮ್ಮನಿದ್ದರೆ ಮೌನವು ಸಮ್ಮತಿಯೆಂಬ ಗಾದೆಯು ಇಲ್ಲಿಯೂ ಸಲ್ಲುವುದೇ? ಮೌನಕ್ಕೆ ಭಯವೂ ಕಾರಣವಾಗಬಹುದಾದ ಸ್ಥಳದಲ್ಲಿ ಮೌನದಿಂದ ಸಮ್ಮತಿಯನ್ನು ಅನುಮಾನಿಸುವುದು ವ್ಯಭಿಚಾರಿ ಹೇತುವಾಗುತ್ತದೆ. ಪ್ರತಿಸಲವೂ ವ್ಯಕ್ತವಾಗಿ ಪಡೆದುದೇ ಸಮ್ಮತಿಯೆಂದೂ, ಪಡೆದೆನೆಂದು ತೋರಿಸುವ ಭಾರವು ಒಡೆಯನದೆಂದೂ ಅರ್ಥಮಾಡಿದರೆ ಮಾತ್ರ ಈ ಪ್ರಕರಣಕ್ಕೆ ಸಾರ್ಥಕ್ಯ.

ಮಕ್ಕಳ ಕೋಣೆಯ ವಿಧಿಯಲ್ಲಿಯೂ ಒಂದು ವ್ಯತ್ಯಾಸವು ಗಮನಿಸತಕ್ಕದ್ದಾಗಿದೆ. 1948ರ ಕಾಯಿದೆಯ 48ನೆಯ ಪ್ರಕರಣದಲ್ಲಿ, 1976ರ ತಿದ್ದುಪಡಿಯ ಅನಂತರ, 30ಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಮಕ್ಕಳ ಕೋಣೆಯಿರಬೇಕಾಗಿತ್ತು. ಎಣಿಕೆಗೆ ಹೆಂಗಸರು ಮಾತ್ರ. ಎಂದರೆ ಮಗುವು ತಾಯಿಯದೇ ಹೊಣೆಯೆಂಬ ಭಾವನೆಯು ಎಣಿಕೆಯಲ್ಲಿಯೇ ಇತ್ತು. ಮೂವತ್ತು ಹೆಂಗಸರನ್ನು ಇಟ್ಟುಕೊಂಡು ನಿಲ್ಲಿಸಿದರೆ ಕೋಣೆಯ ಖರ್ಚು ಉಳಿಯುವುದೆಂಬ ಲೆಕ್ಕಕ್ಕೂ ಇದು ಎಡೆಮಾಡಿಕೊಡುತ್ತಿತ್ತು. 2017ರಲ್ಲಿ ಹೆರಿಗೆ ಸೌಲಭ್ಯದ ಕಾಯಿದೆಗೆ ಆದ ತಿದ್ದುಪಡಿಯು ಗಂಡಸರನ್ನೂ ಸೇರಿಸಿ 50 ಮಂದಿ ನೌಕರರೆಂದು ಎಣಿಕೆಯನ್ನು ಬದಲಾಯಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯ 67ನೆಯ ಪ್ರಕರಣವೂ ಅದನ್ನೇ ಅನುಸರಿಸಿದೆ. ಕೋಣೆಯನ್ನು ಕಟ್ಟುವುದಕ್ಕೆ ಹೀಗೆ ತಂದೆಯೂ ಎಣಿಕೆಗೆ ಬಂದನು. ಆದರೆ ದಿನಕ್ಕೆ ನಾಲ್ಕು ಸಲ ಆ ಕೋಣೆಗೆ ಹೋಗಿ ಮಗುವನ್ನು ನೋಡಿಬರುವ ಅನುಮತಿಯನ್ನು ಅದೇ ಪ್ರಕರಣವು ಹೆಂಗಸಿಗೆ ಮಾತ್ರ ಕೊಟ್ಟಿದೆ. ತಂದೆಯ ವಿಷಯದಲ್ಲಿ ಆ ವಾಕ್ಯವು ಏನನ್ನೂ ಹೇಳುವುದಿಲ್ಲ.